ಮದ್ದಿಗೂ ಒಂದು ಭಾಷೆ ಬೇಕು

1

ಕಲೆಗೆ ರೋಗ ಗುಣಪಡಿಸುವ ಶಕ್ತಿ ಇದೆಯೆ? ನಮ್ಮ ಗಡಿನಾಡಿನ ಸಭೆ, ಸಮ್ಮೇಳನ, ಸಪ್ತಾಹಗಳಲ್ಲಿ ಈ ಪ್ರಶ್ನೆಗೆ ಎರಡೇ ಉತ್ತರಗಳು ಕೇಳಿಬರುತ್ತಿವೆ. ಒಂದು ಪಂಗಡದವರ ಪ್ರಕಾರ ಇಂಥ ರಾಗ ಕೇಳಿದರೆ ರಕ್ತದೊತ್ತಡ ಇಳಿಯುತ್ತದೆ, ಇಂಥ ಸ್ತೋತ್ರವನ್ನು ನಲವತ್ತೆಂಟು ದಿನ ಹೇಳಿದರೆ ಮೂತ್ರಪಿಂಡದ ಕಲ್ಲು ಕರಗುತ್ತದೆ, ಇಂಥ ಗುಡಿಯ ಮುಂದೆ ಮಗಳನ್ನು ಕುಣಿಸಿದರೆ ಹಿಡಿದ ಗಾಳಿ ಬಿಟ್ಟುಹೋಗುತ್ತದೆ. ಇನ್ನೊಂದು ಪಂಗಡದವರ ಪ್ರಕಾರ ಇದೆಲ್ಲ ಶುದ್ಧ ಮೌಢ್ಯ. ಮಂತ್ರದ ಜೊತೆಗೆ ಹಾಡನ್ನೂ ತಾಯತದ ಜೊತೆಗೆ ಕುಣಿತವನ್ನೂ ಗಂಟುಕಟ್ಟಿ ಹೊಳೆಗೆ ಬಿಡಬೇಕು. ಮೊದಲನೆಯವರಿಗೆ ಭಕ್ತರ ಬಲವಿದೆ, ಎರಡನೆಯವರಿಗೆ ಭಾಷಣದ ಬಲವಿದೆ. ಇಬ್ಬರ ನಡುವೆ ಕಾಯಿಲೆ ಬಿದ್ದವನು ಮಾತ್ರ ಮಾತಿಲ್ಲದೆ ಕೂತಿದ್ದಾನೆ.

ಈ ಎರಡೂ ಉತ್ತರಗಳನ್ನು ನಾನು ಒಪ್ಪುವುದಿಲ್ಲ. ನನ್ನ ವಾದ ಇಷ್ಟು: ನಮ್ಮ ಗುಡಿ, ಹಟ್ಟಿ, ಆಲಡೆಗಳಲ್ಲಿ ಗುಣವಾಗುವುದೇನಾದರೂ ಇದ್ದರೆ ಅದು ಪವಾಡದಿಂದಲ್ಲ, ನೊಂದವರಿಗೆ ಅವರದೇ ಭಾಷೆಯಲ್ಲಿ ಮಾತು ದಕ್ಕುವುದರಿಂದ. ಹಾಡು ಹುಟ್ಟುವುದೂ ಅದೇ ಬಾಗಿಲಿನಿಂದ. ಆದಕಾರಣ ಆ ಮಾತನ್ನು ಉಳಿಸಿಕೊಳ್ಳಬೇಕು, ಪವಾಡದ ವ್ಯಾಪಾರವನ್ನು ಕೈಬಿಡಬೇಕು. ಮಾತ್ರವಲ್ಲ, ಅದೇ ಮಾತಿಗೆ ಆಸ್ಪತ್ರೆಯಲ್ಲೂ ಜಾಗ ಕೇಳಬೇಕು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು.

ಇದನ್ನು ಹೇಳಲು ನನಗಿರುವ ಅಧಿಕಾರ ದೊಡ್ಡದೇನಲ್ಲ. ನಾನು ಹಿಂದೂಪುರದಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಮಡಕಶಿರಾ, ರೊಳ್ಳ, ಅಮರಾಪುರಂ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಾಠ ಹೇಳಿದವನು. ಕಲ್ಯಾಣದುರ್ಗ ನನ್ನ ಹೆಂಡತಿಯ ತವರು. ಕಾಸರಗೋಡಿನ ಓದುಗರಿಗೆ ನಮ್ಮ ಸೀಮೆ ದೂರದ್ದೆನಿಸಬಹುದು. ಆದರೆ ಒಂದು ಕಾಲಕ್ಕೆ ನಾವೂ ನೀವೂ ಮದ್ರಾಸು ಪ್ರಾಂತ್ಯದ ಒಂದೇ ಸೂರಿನ ಕೆಳಗಿದ್ದವರು. 1953ರ ಅಕ್ಟೋಬರ್ 1ರಂದು ನಮ್ಮ ಅನಂತಪುರ ಜಿಲ್ಲೆ ಆಂಧ್ರ ರಾಜ್ಯಕ್ಕೆ ಹೋಯಿತು. 1956ರ ನವೆಂಬರ್ 1ರಂದು ನಿಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. 2022ರಲ್ಲಿ ನಮ್ಮ ಜಿಲ್ಲೆಯನ್ನು ಮತ್ತೆ ಒಡೆದರು. ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಕ್ಷೆ ಎಷ್ಟು ಸಲ ಬದಲಾದರೂ ಮನೆಯೊಳಗಿನ ನರಳಾಟ ಮಾತ್ರ ಕನ್ನಡದಲ್ಲೇ ಇದೆ.

2

ಮೊದಲು ನಮ್ಮ ಸಾಹಿತ್ಯದ ಒಳಗಿನ ಒಂದು ಸಾಕ್ಷಿಯನ್ನು ನೋಡೋಣ. ಮಾನ್ವಿ ತಾಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಹದಿನೆಂಟನೆಯ ಶತಮಾನದ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಪದ ಕಟ್ಟಿ ಗೆಜ್ಜೆ ಕಟ್ಟಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ಆ ನೆಪವೇ ನಿಜವಾದ ಶೂಲೆಯಾಗಿ ಅವರನ್ನು ಹಿಡಿಯಿತೆಂದೂ ಐತಿಹ್ಯ. ಯಾವ ಔಷಧಿಗೂ ಬಗ್ಗದ ಆ ಶೂಲೆ ಗೋಪಾಲದಾಸರ ಕೃಪೆಯಿಂದ ಶಮನವಾಯಿತು, ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನೇ ಅವರು ಧಾರೆಯೆರೆದರು ಎನ್ನುತ್ತಾರೆ. ಗುಣವಾದ ಆ ಪಂಡಿತರೇ ಜಗನ್ನಾಥದಾಸರಾದರು. ಕನ್ನಡದ ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ'ವನ್ನು ಬರೆದರು.

ಭಕ್ತರು ಈ ಕಥೆಯಲ್ಲಿ ಆಯುಷ್ಯದಾನದ ಪವಾಡವನ್ನು ಮಾತ್ರ ನೋಡುತ್ತಾರೆ. ವಿಚಾರವಾದಿಗಳು ಅದೇ ಪವಾಡವನ್ನು ನೋಡಿ ಪುಸ್ತಕ ಮುಚ್ಚುತ್ತಾರೆ. ಕಥೆಯ ನಡು ಎಲ್ಲಿದೆ ಎಂದು ಇಬ್ಬರೂ ಕೇಳುವುದಿಲ್ಲ. ನನಗೆ ಕಾಣುವುದು ಹೀಗೆ: ರೋಗ ಬಂದದ್ದು ತನ್ನ ಸುತ್ತಲಿನವರ ಭಾಷೆಯನ್ನು ಹಳಿದಾಗ, ಗುಣವಾದದ್ದು ಆ ಭಾಷೆಯ ಬಳಿಗೆ ಮರಳಿದಾಗ, ಕಾವ್ಯ ಹುಟ್ಟಿದ್ದೂ ಆಗಲೇ. ಕಥೆ ಕಟ್ಟಿದ ಜನ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದಾರೆ.

ಇದು ಕನ್ನಡದ ಒಂಟಿ ಕಥೆಯೂ ಅಲ್ಲ. ಈ ಸಂಚಿಕೆಯ ಮಲಯಾಳಿ ಓದುಗರಿಗೆ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯ ಕಥೆ ಬಾಯಿಪಾಠ. ಗುರುವಿನ ವಾತರೋಗವನ್ನು ತನ್ನ ಮೈಮೇಲೆ ತಂದುಕೊಂಡ ಆತ ಗುರುವಾಯೂರಿನಲ್ಲಿ ಕೂತು ದಿನಕ್ಕೊಂದು ದಶಕದಂತೆ ನೂರು ದಶಕಗಳ 'ನಾರಾಯಣೀಯ'ವನ್ನು ರಚಿಸಿ ಗುಣಮುಖನಾದ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಪೂಂತಾನಂ ಎಂಬ ಕವಿ ತಾನು ಮಲಯಾಳದಲ್ಲಿ ಬರೆದದ್ದನ್ನು ತೋರಿಸಲು ಬಂದಾಗ ಭಟ್ಟತಿರಿ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅಂದಿನ ರಾತ್ರಿ ವಾತ ಮರುಕಳಿಸಿತಂತೆ. ಮೇಲ್ಪತ್ತೂರಿನ ವಿಭಕ್ತಿಗಿಂತ ಪೂಂತಾನದ ಭಕ್ತಿಯೇ ತನಗೆ ಹೆಚ್ಚು ಪ್ರಿಯವೆಂದು ಗುರುವಾಯೂರಪ್ಪನೇ ಹೇಳಿದನಂತೆ. ಆ ಪೂಂತಾನಂ ತನ್ನ ಎಳೆಗೂಸು ಸತ್ತ ದುಃಖದಲ್ಲಿ 'ಜ್ಞಾನಪ್ಪಾನ'ವನ್ನು ಬರೆದದ್ದೂ ತನ್ನ ತಾಯಿಯ ಮಾತಿನಲ್ಲಿಯೇ.

ಒಂದು ಕಥೆ ರಾಯಚೂರಿನ ಬಿಸಿಲುನಾಡಿನದು, ಇನ್ನೊಂದು ಕೇರಳದ ಮಳೆನಾಡಿನದು. ಒಂದನ್ನು ಕಟ್ಟಿದವರು ಇನ್ನೊಂದನ್ನು ಕೇಳಿದ್ದರೆಂದು ನಾನು ಹೇಳುತ್ತಿಲ್ಲ. ಆದರೂ ಎರಡರ ತೀರ್ಪೂ ಒಂದೇ. ರೋಗ, ಭಾಷೆ, ಸೃಷ್ಟಿ ಈ ಮೂರರ ಸಂಬಂಧ ನಮ್ಮ ಹಿರಿಯರಿಗೆ ತಿಳಿದಿತ್ತು.

3

ತಿಳಿದಿದ್ದುದನ್ನು ನಾವು ಹೇಗೆ ಮರೆತೆವು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಲೇಪಾಕ್ಷಿ ಇದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರನ ಗುಡಿ ಅದು. ಅಲ್ಲಿ ಕನ್ನಡ ಶಾಸನಗಳಿವೆ. ಮಂಟಪದ ಒಳಚಾವಣಿಯಲ್ಲಿ ವಿಜಯನಗರದ ಚಿತ್ರಕಲೆಯ ಅಪೂರ್ವ ನಿಧಿ ಇದೆ. ವಿರೂಪಣ್ಣನ ಕುರುಡು ಮಗನಿಗೆ ಈ ಗುಡಿಯಲ್ಲಿ ಕಣ್ಣು ಬಂತು, ಮಗನ ಕಣ್ಣಿಗಾಗಿ ಬೊಕ್ಕಸ ಬರಿದು ಮಾಡಿದನೆಂಬ ಚಾಡಿಗೆ ನೊಂದು ವಿರೂಪಣ್ಣ ತನ್ನ ಕಣ್ಣುಗಳನ್ನೇ ಕಿತ್ತು ಗೋಡೆಗೆ ಎಸೆದ ಎಂದು ಒಂದು ಹೇಳಿಕೆ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಇವತ್ತಿಗೂ ತೋರಿಸುತ್ತಾರೆ. ನೆಲಕ್ಕೆ ಪೂರ್ತಿ ತಾಗದೆ ನಿಂತ ಕಂಬದ ಕೆಳಗೆ ಬಟ್ಟೆ ತೂರಿಸಿ ತೋರಿಸುತ್ತಾರೆ. ಬಂದವರು ಕಲೆ ನೋಡಿ, ಕಂಬ ನೋಡಿ, ಬಟ್ಟೆ ಎಳೆದು, ಫೋಟೋ ಹೊಡೆದು ಹೋಗುತ್ತಾರೆ. ತಲೆಯೆತ್ತಿ ಚಾವಣಿಯ ಚಿತ್ರ ನೋಡುವವರು ಎಷ್ಟು ಜನ? ಪವಾಡವನ್ನೇ ಹುಡುಕಿಕೊಂಡು ಬಂದ ಕಣ್ಣಿಗೆ ಚಿತ್ರ ಕಾಣುವುದಿಲ್ಲ.

ಗುಡಿಯ ಕಲ್ಲಿಗೆ ಇದರಿಂದ ಅಂಥ ಹಾನಿಯಿಲ್ಲ. ಪವಾಡದ ಕಣ್ಣು ಮನುಷ್ಯನ ಪ್ರಾಣದ ಮೇಲೆ ಬಿದ್ದಾಗ ಹಾನಿಯಿದೆ. ಮಡಕಶಿರಾ, ಕಲ್ಯಾಣದುರ್ಗ, ಅತ್ತ ಶಿರಾ, ಚಳ್ಳಕೆರೆಯ ತನಕ ಕಾಡುಗೊಲ್ಲರ ಹಟ್ಟಿಗಳಿವೆ. ಅವರ ಮಾತು ಕನ್ನಡ, ಅವರ ವೀರ ಜುಂಜಪ್ಪ. ಗಣೆ ಎಂಬ ಉದ್ದನೆಯ ಬಿದಿರ ಕೊಳಲನ್ನು ಊದುತ್ತ ರಾತ್ರಿಯಿಡೀ ಜುಂಜಪ್ಪನ ಕಥೆ ಹಾಡುವುದನ್ನು ಕೇಳಿದವರಿಗೆ ಕನ್ನಡ ಕಾವ್ಯದ ಆಯುಷ್ಯ ಎಷ್ಟು ಹಿರಿದೆಂದು ತಿಳಿಯುತ್ತದೆ. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದವರು. ಈ ಪರಂಪರೆಗೆ ಯಾವ ವಿಶ್ವವಿದ್ಯಾಲಯವೂ ಸಾಟಿಯಲ್ಲ.

ಆದರೆ ಜುಂಜಪ್ಪನ ಹೆಸರು ಹೇಳಿದರೆ ಹಾವಿನ ವಿಷ ಏರುವುದಿಲ್ಲ ಎಂಬ ನಂಬಿಕೆಯೂ ಅಲ್ಲಿದೆ. ಇಲ್ಲಿ ನಾನು ಕೈಮುಗಿದು ಖಂಡಿತವಾಗಿ ಹೇಳುತ್ತೇನೆ: ಹಾಡು ವಿಷ ಇಳಿಸುವುದಿಲ್ಲ. ನಮ್ಮದು ಕಡಲೆಕಾಯಿಯ ಒಣನಾಡು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿರುವ ನಾಡು. 2000ದಿಂದ 2019ರ ತನಕದ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚು ಸಾವುಗಳಾದ ರಾಜ್ಯಗಳಲ್ಲಿ ಆಂಧ್ರವೂ ಒಂದು. ಹಾಗಾದರೆ ಮಂತ್ರ ಹಾಕಿಸಿಕೊಂಡು ಬದುಕಿದವರು ಸುಳ್ಳೆ? ಅವರೂ ನಿಜ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರಿದೆ ಕಚ್ಚುತ್ತದೆ. ಅಂಥವರು ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ಮಂತ್ರವಾದಿಯ ಕೀರ್ತಿಯೆಲ್ಲ ಇವರಿಂದ ಬಂದದ್ದು. ವಿಷ ಮೈಗೇರಿದವನಿಗೆ ಬೇಕಾದುದು ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು; ಅವನ ಪಾಲಿಗೆ ಹಟ್ಟಿಯಲ್ಲಿ ಕಳೆದ ಒಂದೊಂದು ಗಳಿಗೆಯೂ ಆಯುಷ್ಯದಿಂದ ಕಳೆದದ್ದು.

ಹಾಡಿನ ಮೇಲಿನ ಪ್ರೀತಿಯಿಂದ ಹಟ್ಟಿಯ ಕ್ರೌರ್ಯವನ್ನು ಮುಚ್ಚಿಡುವುದೂ ಸಲ್ಲದು. 2023ರ ಜುಲೈಯಲ್ಲಿ ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸಿದಾಗ ಮಳೆಚಳಿಗೆ ಹಸುಗೂಸು ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಗಣೆಯ ನಾದ ಕೇಳಿ ತಲೆದೂಗುವವನು ಆ ಕೂಸಿನ ಲೆಕ್ಕವನ್ನೂ ಕೊಡಬೇಕು.

4

ಇಷ್ಟು ಹೇಳಿದ ಮೇಲೆ ವಿಚಾರವಾದಿ ಮಿತ್ರರು ನನ್ನ ಬೆನ್ನು ತಟ್ಟಿ, 'ಹಾಗಾದರೆ ಎಲ್ಲವನ್ನೂ ನಿಲ್ಲಿಸೋಣ' ಎನ್ನಬಹುದು. ಅವರನ್ನು ನಾನು ನಿಮ್ಮ ತುಳುನಾಡಿಗೆ ಕರೆದೊಯ್ಯುತ್ತೇನೆ. ಮೈಯ ವಿಷ ಬೇರೆ, ಮನಸ್ಸಿನ ಭಾರ ಬೇರೆ ಎಂಬುದು ಅಲ್ಲಿನ ಸಿರಿ ಜಾತ್ರೆಯಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಸಿರಿಯ ಕಥೆ ನಿಮಗೆ ಹೊಸದಲ್ಲ. ಗಂಡನ ಮನೆಯ ಅನ್ಯಾಯವನ್ನು ಸಹಿಸದೆ ಹೊರಟುಬಂದ ಹೆಣ್ಣು ಅವಳು. ಅವಳ ಮಗ ಕುಮಾರ, ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ. ಇಡೀ ವಂಶದ ಗೋಳು ಆ ಸಂಧಿಯಲ್ಲಿದೆ. ಮದುವೆಯಾದ ಮೇಲೆ ಮಾತು ಬಿಟ್ಟವಳು, ಕಾರಣವಿಲ್ಲದೆ ಬೆಚ್ಚುವವಳು, ಮೈಮೇಲೆ ಏನೋ ಬರುತ್ತದೆಂದು ಮನೆಯವರು ಹೆದರಿದವಳು ಆಲಡೆಗೆ ಬರುತ್ತಾಳೆ. ಕುಮಾರನ ಪಾತ್ರಿ ಅವಳನ್ನು ಹೊಡೆಯುವುದಿಲ್ಲ, 'ನೀನು ಯಾರು' ಎಂದು ಹಾಡಿನಲ್ಲೇ ಕೇಳುತ್ತಾನೆ. ಮೊದಲು ಅಳು, ಆಮೇಲೆ ತೊದಲು, ಕೊನೆಗೆ ಸಂಧಿಯ ಧಾಟಿಯಲ್ಲೇ ಉತ್ತರ ಬರುತ್ತದೆ: ತಾನು ಸಿರಿ, ತಾನು ಸೊನ್ನೆ, ತಾನು ಅಬ್ಬಗ. ಮನೆಯಲ್ಲಿ ಹೇಳಲಾರದ್ದನ್ನು ಅವಳು ಸಿರಿಯ ಬಾಯಿಂದ, ನೆರೆದ ಮನೆಯವರೆದುರಿಗೇ ಹೇಳುತ್ತಾಳೆ. ಮರುವರ್ಷ ಮತ್ತೆ ಬರುತ್ತಾಳೆ. ಈ ಸಲ ರೋಗಿಯಾಗಿ ಅಲ್ಲ, ಸಿರಿಗಳ ಬಳಗದ ಒಬ್ಬಳಾಗಿ, ಹಾಡುವವಳಾಗಿ. ರೋಗಿಯೇ ಕಲಾವಿದೆಯಾಗುವ ದಾರಿ ಇದು. ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಈ ಜಾತ್ರೆಯ ಹಾಡುಗಾರರೇ. ಫಿನ್‌ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ಅವರಿಂದ ದಾಖಲಿಸಿಕೊಂಡು 1998ರಲ್ಲಿ ಪ್ರಕಟಿಸಿದ ಸಿರಿ ಮಹಾಕಾವ್ಯ 15,683 ಸಾಲುಗಳಷ್ಟಿದೆ. ಇಷ್ಟು ದೊಡ್ಡ ಕಾವ್ಯ ಬದುಕಿ ಉಳಿದದ್ದು ಪಂಡಿತರ ಗ್ರಂಥಭಂಡಾರದಲ್ಲಲ್ಲ, ನೊಂದ ಹೆಂಗಸರ ನಡುವೆ.

ಇದಕ್ಕೆ ವೈದ್ಯರ ಸಾಕ್ಷಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರು ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಗೆ ಬಂದು ತಂಗಿದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ಮಂತ್ರತಂತ್ರವಿಲ್ಲ, ಬೇಡಿಯಿಲ್ಲ. ರೋಗಿಗಳು ಮನೆಯವರ ಜೊತೆಗಿದ್ದು ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದರು. ಸರಾಸರಿ ಐದು ವಾರಗಳಲ್ಲಿ ರೋಗಲಕ್ಷಣಗಳ ಅಳತೆ ಹತ್ತಿರಹತ್ತಿರ ಶೇಕಡಾ 20ರಷ್ಟು ಇಳಿದಿತ್ತು. 31 ಜನರ ಲೆಕ್ಕದಿಂದ ಲೋಕವನ್ನೇ ಅಳೆಯಲಾಗದು. ಹೋಲಿಸಲು ಇನ್ನೊಂದು ಗುಂಪೂ ಅಲ್ಲಿರಲಿಲ್ಲ. ಆದರೂ ಅದು ತೋರಿಸುವ ದಿಕ್ಕು ಸ್ಪಷ್ಟ: ಗುಣ ಮಾಡಿದ್ದು ಭಯವಲ್ಲ, ಆಸರೆ.

ಹಾಗೆಂದು ಗುಡಿಯೆಂದರೆಲ್ಲ ಆಸರೆಯಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ದೈವಚಿಕಿತ್ಸೆಯ ಹೆಸರಿನ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜೀವಗಳು ಓಡಲಾರದೆ ಬೆಂದುಹೋದವು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಿಗೆ ಸರಪಳಿ ಹಾಕುವುದನ್ನು ದೇಶಾದ್ಯಂತ ನಿಷೇಧಿಸಿದೆ. ಕರ್ನಾಟಕದ ವಾಮಾಚಾರ ತಡೆ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಹಾವು, ನಾಯಿ ಕಚ್ಚಿದವರನ್ನು ವೈದ್ಯರ ಬಳಿಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅದರ ಪ್ರಕಾರ ಅಪರಾಧ. ಆದರೆ ಗಡಿಯಾಚೆಗಿರುವ ನಮಗೂ ನಿಮಗೂ ಆ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮ ಮನೆಯ ಕಾವಲನ್ನು ನಾವೇ ಕಾಯಬೇಕು.

5

ಈ ಜಗಳದಲ್ಲಿ ಮೂರನೆಯ ಪಂಗಡವೊಂದಿದೆ. ಅವರು ಕಾರ್ಯಕ್ರಮ ಸಂಘಟಕರು. ಗಣೆ ಊದುವವನನ್ನು ಜಿಲ್ಲಾ ಕೇಂದ್ರಕ್ಕೆ ಕರೆಸಿ, ಏಳು ನಿಮಿಷದಲ್ಲಿ ಜುಂಜಪ್ಪನನ್ನು ಮುಗಿಸಲು ಹೇಳಿ, ಶಾಲು ಹೊದಿಸಿ, ರಾತ್ರಿ ಬಸ್ಸಿಗೆ ಹತ್ತಿಸುತ್ತಾರೆ. ಹಾಡಿನಿಂದ ನೊಂದವರನ್ನು ಹೊರಗಟ್ಟಿದ ಮೇಲೆ ಉಳಿಯುವುದು ಬಣ್ಣದ ರುಮಾಲು ಮಾತ್ರ. ಪವಾಡದವನು ಹಾಡನ್ನು ಮದ್ದೆಂದು ಮಾರುತ್ತಾನೆ, ಭಾಷಣದವನು ಕಸವೆಂದು ಗುಡಿಸುತ್ತಾನೆ, ಸಂಘಟಕನು ಅಲಂಕಾರವೆಂದು ತೂಗುಹಾಕುತ್ತಾನೆ. ಹಾಡಿನ ಎದುರು ಕೂತು ಕೇಳುವವನು ಮಾತ್ರ ಈ ಮೂವರಲ್ಲಿ ಯಾರೂ ಅಲ್ಲ.

ಇದಕ್ಕಿಂತ ದೊಡ್ಡ ಮನಸ್ಸಿನ ಮಾದರಿಗಳು ನಮ್ಮ ಆಸುಪಾಸಿನಲ್ಲೇ ಇದ್ದವು. ಗೌರಿಬಿದನೂರು ತಾಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಸವಾಲು ಹಾಕಿದರು. ಅದೇ ಎಚ್ಚೆನ್ ಸಂಗೀತ, ನಾಟಕಗಳನ್ನು ಪೋಷಿಸಿದವರು, ಲಲಿತಕಲಾ ಪರಿಷತ್ತನ್ನು ಕಟ್ಟಿದವರು. ಅವರು ಪ್ರಶ್ನಿಸಿದ್ದು ಪವಾಡವನ್ನು, ಹಾಡನ್ನಲ್ಲ. ಇನ್ನು ಆ ಪುಟ್ಟಪರ್ತಿಯಲ್ಲಿ ಆದದ್ದೇನು? ವಿಭೂತಿಯಿಂದ ಕಾಯಿಲೆ ವಾಸಿಯಾಗುತ್ತದೆಂದು ಲಕ್ಷಾಂತರ ಜನ ನಂಬಿದ್ದ ಅದೇ ಊರಿನಲ್ಲಿ 1991ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುವ ಆಸ್ಪತ್ರೆ ಎದ್ದಿತು. ಅದನ್ನು ಕಟ್ಟಿಸಿದವರು ಬಾಬಾ ಅವರೇ. ಅವರನ್ನು ನಂಬುವವರೂ ನಂಬದವರೂ ಇದನ್ನು ಗಮನಿಸಬೇಕು: ಎದೆಯ ಕವಾಟ ಕೆಟ್ಟರೆ ಅಲ್ಲಿಯೂ ಕೈಗೆತ್ತಿಕೊಳ್ಳುವುದು ಕತ್ತರಿಯನ್ನೇ. ಹೀಗಿರುವಾಗ ಬೀದಿಬದಿಯ ತಾಯತದವನು ಆಸ್ಪತ್ರೆ ಬೇಡವೆನ್ನುವುದು ಯಾವ ಅಧಿಕಾರದಿಂದ?

6

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಆಸ್ಪತ್ರೆ ಇದ್ದೂ ನಮ್ಮ ಜನ ಗುಡಿಗೇ ಏಕೆ ಹೋಗುತ್ತಾರೆ? ಅಜ್ಞಾನ, ಬಡತನ, ದೂರ ಎಂದು ಉತ್ತರ ಸಿದ್ಧವಾಗಿದೆ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಭಾಷೆ.

ರೊಳ್ಳ ಕಡೆಯ ಒಬ್ಬ ಮುದುಕಿಯನ್ನು ಒಮ್ಮೆ ನಾನೇ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆಕೆ 'ಸಂಕಟ ಆಗ್ತದೆ' ಎಂದಳು. ನಮ್ಮ ಕನ್ನಡದಲ್ಲಿ ಸಂಕಟವೆಂದರೆ ಎದೆ, ಹೊಟ್ಟೆಗಳ ನಡುವೆ ಕಿವುಚಿದಂತಾಗುವ ಬಾಧೆ. ತೆಲುಗಿನ ಕಿವಿಗೆ ಅದು ಬರೀ ಕಷ್ಟ. ನಿಮ್ಮ ಮಲಯಾಳದಲ್ಲಾದರೋ ಸಂಕಟವೆಂದರೆ ದುಃಖ. ಎದೆನೋವಿನ ಹೆಂಗಸನ್ನು ಅಳುಬುರುಕಿಯೆಂದು ತಿಳಿಯಲು ಇಷ್ಟೇ ಸಾಕು. ವೈದ್ಯರು ಅವಳಿಗೆ 'ನೀರಸಂ' ಇದೆಯೇ ಎಂದು ಕೇಳಿದರು. ತೆಲುಗಿನಲ್ಲಿ ಅದು ಸುಸ್ತು. ಅವಳು ಊಟ ರುಚಿಸುತ್ತದೆಯೇ ಎಂಬ ಪ್ರಶ್ನೆಯೆಂದು ತಿಳಿದು, ಚೆನ್ನಾಗಿ ಉಣ್ಣುತ್ತೇನೆ ಎಂದಳು. ನಾನು ನಡುವೆ ಬಾಯಿ ಹಾಕಿ ಬಿಡಿಸಿ ಹೇಳುವಷ್ಟರಲ್ಲಿ ಚೀಟಿ ಬರೆದಾಗಿತ್ತು. ಹೊರಗೆ ಬಂದು ಅವಳು ಹೇಳಿದ್ದು ಇಷ್ಟೇ: 'ಮೇಷ್ಟ್ರೇ, ಆಯಪ್ಪ ಒಳ್ಳೇನೇ. ಆದ್ರೆ ನಾನು ಹೇಳಿದ್ದು ಆಯಪ್ಪನ್ಗೆ ಮುಟ್ಲಿಲ್ಲ. ನಮ್ ಹಟ್ಟಿ ದೇವ್ರ ಮುಂದೆ ಕೂತ್ರೆ ನನ್ ಮಾತು ಮುಗಿಯೋಗಂಟ ಯಾರೂ ಎದ್ದು ಹೋಗಲ್ಲ.'

ಇದನ್ನು ಮೌಢ್ಯವೆಂದು ಕರೆಯುವ ಧೈರ್ಯ ನನಗಿಲ್ಲ. ಅವಳು ಹೇಳಿದ್ದು ಒಂದು ವೈದ್ಯಕೀಯ ಸತ್ಯ. ರೋಗಿಯ ಮಾತನ್ನು ಪೂರ್ತಿ ಕೇಳದೆ ರೋಗ ತಿಳಿಯುವುದಿಲ್ಲ. ಆಸ್ಪತ್ರೆ ಬಿಟ್ಟುಕೊಟ್ಟ ಜಾಗದಲ್ಲಿ ಗುಡಿ ಕೂತಿದೆ. ಗುಡಿಯ ನೆರಳಿನಲ್ಲಿ ಮಂತ್ರವಾದಿ ಅಂಗಡಿ ಇಟ್ಟಿದ್ದಾನೆ.

ನಿಮ್ಮ ಊರಿನ ಉದಾಹರಣೆ ಇನ್ನೂ ಕಟುವಾದುದು. ಎಣ್ಮಕಜೆಯ ಪಡ್ರೆಯ ಸುತ್ತಮುತ್ತ ಗೇರುತೋಟಗಳ ಮೇಲೆ 2000ದ ತನಕ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳು ಅಂಗವಿಕಲರಾಗಿ ಹುಟ್ಟಿದಾಗ ದೈವದ ಮುನಿಸೆಂದು ಎಷ್ಟೋ ಮನೆಗಳು ನಂಬಿದವು. ನೋವಿಗೆ ಒಂದು ಕಥೆ ಸಿಕ್ಕಿತು, ಕಾರಣ ಸಿಗಲಿಲ್ಲ. ಕಾರಣದ ಜಾಡು ಸಿಕ್ಕಿದ್ದು ವಾಣೀನಗರದ ಡಾ. ಮೋಹನ ಕುಮಾರ್ ಅವರಂಥ ಸ್ಥಳೀಯ ವೈದ್ಯರು ಒಂದೊಂದೇ ಮನೆಯ ಕಾಯಿಲೆಯನ್ನು ಕೇಳಿ ಗುರುತು ಹಾಕಿಕೊಂಡಾಗ, ಶ್ರೀ ಪಡ್ರೆಯವರಂಥ ಪತ್ರಕರ್ತರು ಅದನ್ನು ಬರೆದಾಗ. ಆ ವಿಷವನ್ನು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆದದ್ದು 2011ರಲ್ಲಿ. ಆಮೇಲೆಯೂ ಗಡಿಯ ಗಾಯ ಮಾಗಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾದ ಹೆಸರಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾರದೆ ಕಾಸರಗೋಡಿನ ಹಲವರು ಪ್ರಾಣಬಿಟ್ಟರು. ಇಲ್ಲಿ ದಾರಿ ಮುಚ್ಚಿದ್ದು ಕನ್ನಡದ ಸರಕಾರವೇ ಎಂಬುದನ್ನು ನಾವು ನೆನಪಿಡಬೇಕು. ಭಾಷಾಭಿಮಾನದ ಘೋಷಣೆ ರೋಗಿಯನ್ನು ಗಡಿ ದಾಟಿಸುವುದಿಲ್ಲ.

7

ಹಾಗಾದರೆ ಏನು ಮಾಡಬೇಕು? ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಮಾತಾಡುತ್ತದೆ. ಅದಕ್ಕಾಗಿ ನಾವು ಹೋರಾಡಿದ್ದೇವೆ, ಇನ್ನೂ ಹೋರಾಡುತ್ತಿದ್ದೇವೆ. ಆದರೆ ಆ ವಿಧಿಯಲ್ಲಿ ಆಸ್ಪತ್ರೆಯ ಸುದ್ದಿಯಿಲ್ಲ. ನಮ್ಮ ಬೇಡಿಕೆಯ ಪಟ್ಟಿಗಳಲ್ಲೂ ಇಲ್ಲ. ಶಾಲೆಯ ನಾಮಫಲಕಕ್ಕೆ, ಬಸ್ಸಿನ ಬೋರ್ಡಿಗೆ, ಅರ್ಜಿ ನಮೂನೆಗೆ ಮನವಿ ಕೊಟ್ಟ ನಾವು ಹೆರಿಗೆ ಕೋಣೆಯಲ್ಲಿ, ಮನೋರೋಗದ ವಿಭಾಗದಲ್ಲಿ ಕನ್ನಡ ಬಲ್ಲ ಒಬ್ಬ ದಾದಿ ಬೇಕೆಂದು ಎಂದಾದರೂ ಕೇಳಿದ್ದೇವೆಯೆ? ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಕಾಸರಗೋಡು, ಮಂಜೇಶ್ವರಗಳ ಸರಕಾರಿ ಆಸ್ಪತ್ರೆಗಳಲ್ಲಿ ಕನ್ನಡ ತಿಳಿದವರೊಬ್ಬರು ಹೊರರೋಗಿ ವಿಭಾಗದಲ್ಲಿ ಕೂರಬೇಕು. ಇದು ನನ್ನ ಮೊದಲ ಒತ್ತಾಯ.

ಮನಸ್ಸಿನ ಚಿಕಿತ್ಸೆಗೆ ದೊಡ್ಡ ಊರೇ ಬೇಕೆಂದಿಲ್ಲ ಎಂಬುದನ್ನು ನಮ್ಮ ನೆರೆಯ ಬಳ್ಳಾರಿಯೇ ತೋರಿಸಿಕೊಟ್ಟಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಸರಕಾರಿ ಸೇವೆಯಲ್ಲಿ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದನ್ನು ನಮ್ಮ ಸಂಘಗಳ ಆಮಂತ್ರಣ ಪತ್ರಿಕೆಯ ಬೆನ್ನಿಗೆ ಅಚ್ಚು ಹಾಕಿಸಲು ಖರ್ಚೇನೂ ಇಲ್ಲ. ಮನೆಯ ಮಗಳು ಮಂಕಾಗಿ ಕೂತರೆ ಆಲಡೆಗೂ ಕರೆದೊಯ್ಯಿರಿ, ನಾನು ಬೇಡವೆನ್ನೆ. ಆದರೆ ವೈದ್ಯರ ಬಳಿಗೂ ಕರೆದೊಯ್ಯಿರಿ. ಹಾವು ಕಚ್ಚಿದರೆ ಮಾತ್ರ ಎರಡು ದಾರಿಯಿಲ್ಲ.

ಎರಡನೆಯ ಒತ್ತಾಯ ನಮ್ಮ ಬರಹಗಾರರಿಗೆ. ಹಟ್ಟಿ, ಆಲಡೆಗಳ ಹಾಡನ್ನು ದಾಖಲಿಸುವಾಗ ಪದದ ಸಾಲುಗಳನ್ನಷ್ಟೇ ಬರೆದುಕೊಂಡು ಬರಬೇಡಿ. ಯಾರು ಹಾಡಿದರು, ಯಾರಿಗಾಗಿ ಹಾಡಿದರು, ಕೇಳಿದವಳಿಗೆ ಆಮೇಲೆ ಏನಾಯಿತು ಎಂಬುದನ್ನೂ ಅವಳ ಒಪ್ಪಿಗೆ ಪಡೆದು ಬರೆಯಿರಿ. ಸಂಕಟ, ಕಳವಳ, ಜೀವ ಹಾರುವುದು, ಮೈ ಜುಮ್ಮೆನ್ನುವುದು, ಎದೆ ಕಿವುಚುವುದು ಇಂಥ ನೋವಿನ ಮಾತುಗಳನ್ನು ಕನ್ನಡ, ತುಳು, ತೆಲುಗು, ಮಲಯಾಳಗಳಲ್ಲಿ ಅಕ್ಕಪಕ್ಕ ಇಟ್ಟು ಒಂದು ಸಣ್ಣ ಕೋಶ ಮಾಡಿ ಆಸ್ಪತ್ರೆಗಳಿಗೆ ಕೊಡಿ. ಎರಡು ಭಾಷೆ ಬಲ್ಲ ಗಡಿನಾಡಿನವರಲ್ಲದೆ ಇನ್ನಾರು ಈ ಕೆಲಸ ಮಾಡಬಲ್ಲರು?

ಇದರಲ್ಲಿ ತೆಲುಗಿನ ಮೇಲಾಗಲಿ ಮಲಯಾಳದ ಮೇಲಾಗಲಿ ದ್ವೇಷವಿಲ್ಲ. ನನ್ನ ಹೆಂಡತಿಯ ತವರಾದ ಕಲ್ಯಾಣದುರ್ಗದ ಸೀಮೆಯಲ್ಲೇ ರಾಳ್ಳಪಲ್ಲಿ ಎಂಬ ಹಳ್ಳಿ ಇದೆ. ಅಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಅನ್ನಮಾಚಾರ್ಯರ ಪದಗಳಿಗೆ ರಾಗ ಕೂಡಿಸಿದರು, 'ಗಾನಕಲೆ'ಯನ್ನು ಕನ್ನಡದಲ್ಲಿ ಬರೆದರು. ಎರಡು ಭಾಷೆಗಳ ನಡುವೆ ಬಾಗಿಲು ತೆರೆದಿಟ್ಟು ಬದುಕಿದ ಅಂಥವರು ನಮ್ಮ ನೆಲದಲ್ಲಿ ಬೆಳೆದವರೇ. ನಾವು ಕೇಳುತ್ತಿರುವುದು ಯಾರದೋ ಭಾಷೆಯನ್ನು ಕೆಳಗಿಳಿಸಿ ನಮ್ಮದನ್ನು ಮೇಲೆ ಕೂರಿಸಬೇಕೆಂದಲ್ಲ. ಕಾಯಿಲೆ ಬಿದ್ದವರ ಮಾತು ಮುಗಿಯುವ ತನಕ ವೈದ್ಯರೂ ಎದ್ದು ಹೋಗಬಾರದು ಎಂಬುದಷ್ಟೇ ನಮ್ಮ ಬೇಡಿಕೆ. ಆ ತಾಳ್ಮೆ ಹಾಡುಗಾರರಿಗೆ ಗೊತ್ತಿದೆ. ಅದನ್ನು ಅವರಿಂದ ಕಲಿಯಲು ಆಸ್ಪತ್ರೆ ನಾಚಬೇಕಾಗಿಲ್ಲ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿದೆ ಎಂದು ಒಪ್ಪಲು ಹಾಡುಗಾರರೂ ನಾಚಬೇಕಾಗಿಲ್ಲ.